ಗಣಿ ನಿಂತ ಮೇಲಿನ ಲಕ್ಯಾ ಅಣೆಕಟ್ಟು

ನಾನು ನೇಸರಿಯವ. ನಮ್ಮ ಕಡೆ ಅಣೆಕಟ್ಟು ಅಂದ್ರ ನೀರು. ಬ್ಯಾಸಿಗ್ಯಾಗ ಇಳಿತದ, ಮಳಿಗಾಲದಾಗ ತುಂಬತದ. ಕುದುರೆಮುಖದ ಲಕ್ಯಾ ಹಾಗಲ್ಲ. ಕಬ್ಬಿಣದ ಅದಿರು ಬೇರ್ಪಡಿಸಿ ಉಳಿದ ಕೆಸರನ್ನು ಅದರ ಹಿಂದೆ ತುಂಬಿಸಲಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಮ್ಮ ಪರಿಸರ ಇತಿಹಾಸ ಸಾಮಾನ್ಯವಾಗಿ ಈ ಗೆಲುವಿಗೇ ಮುಗಿಯುತ್ತದೆ.

ನನ್ನ ತಕರಾರು ಇಲ್ಲೇ ಅದ. ಗಣಿ ಮುಚ್ಚಿದರೂ ಕೆಸರು ಖಾಲಿಯಾಗದು. ಘಟ್ಟದ ಮಳೆ ಪ್ರತಿವರ್ಷ ಅದರ ಮೇಲೆ ಸುರಿಯುತ್ತದೆ. ಒಡಲಿನ ನೀರಿನ ಒತ್ತಡವನ್ನು ಪೀಜೋಮೀಟರಿನಿಂದ ಅಳೆಯುತ್ತ, ಸೋರಿಕೆ, ಕೋಡಿಗಳನ್ನು ನೋಡುತ್ತಲೇ ಇರಬೇಕು. ಬ್ರೆಜಿಲಿನ ಬ್ರುಮಾಡಿನ್ಯೊದಲ್ಲಿ 2019ರಲ್ಲಿ ಒಡೆದು ಸುಮಾರು 270 ಜನರನ್ನು ಕೊಂದ ಕಟ್ಟೆಯೂ ಬಳಕೆ ನಿಂತದ್ದೇ ಆಗಿತ್ತು.

ಹಾಗಾಗಿ 2005 ಲಕ್ಯಾದ ಕೊನೆಯಲ್ಲ, ಕಾವಲಿನ ಇತಿಹಾಸದ ಆರಂಭ. ಆ ಅಳತೆಗಳು ಭದ್ರೆಯ ಕೆಳದಂಡೆಯವರಿಗೂ ಓದಲು ಸಿಗಬೇಕು.