ಮುಗಿಸಿದವನೇ ಗೆದ್ದವನು: ದೂರದ ಸವಾರಿ ಕಲಿಸಿದ ಪಾಠ



ಕುದುರೆ ಪಂದ್ಯ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ರೇಸ್‌ಕೋರ್ಸು. ಅಲ್ಲಿ ಡರ್ಬಿ ಎಂದು ಹೆಸರಾದ ಪಂದ್ಯದ ದೂರ 2400 ಮೀಟರ್. ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಈಗ ಇನ್ನೊಂದು ಬಗೆಯ ಪಂದ್ಯವನ್ನು ಊಹಿಸಿಕೊಳ್ಳಿ. ದೂರ 160 ಕಿಲೋಮೀಟರ್; ಎಂದರೆ ಬೆಂಗಳೂರಿನಿಂದ ಹೊರಟು ಮೈಸೂರನ್ನೂ ದಾಟಿ ಹೋದಷ್ಟು. ಒಬ್ಬ ಸವಾರ, ಒಂದೇ ಕುದುರೆ, ಒಂದೇ ದಿನ. ಇದಕ್ಕೆ ಎಂಡ್ಯೂರೆನ್ಸ್ ರೈಡಿಂಗ್, ಎಂದರೆ ದೂರದ ತಾಳಿಕೆಯ ಸವಾರಿ ಎಂದು ಹೆಸರು.

ಈ ಕ್ರೀಡೆಗೆ ಒಂದು ವಿಚಿತ್ರ ನಿಯಮವಿದೆ. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ ಮಾತ್ರಕ್ಕೆ ಯಾರೂ ಗೆದ್ದಂತಾಗುವುದಿಲ್ಲ. ಪಶುವೈದ್ಯರು ಕುದುರೆಯನ್ನು ಪರೀಕ್ಷಿಸಿ, ಇದು ಇನ್ನೂ ಮುಂದೆ ಹೋಗುವ ಸ್ಥಿತಿಯಲ್ಲಿದೆ ಎಂದು ಒಪ್ಪಬೇಕು. ಒಪ್ಪದಿದ್ದರೆ ಅಷ್ಟು ದೂರ ಬಂದದ್ದೂ ಲೆಕ್ಕಕ್ಕಿಲ್ಲ. ಇಂಥ ನಿಯಮ ಏಕೆ ಬೇಕಾಯಿತು? ಅದನ್ನು ತಿಳಿಯಲು ನಾವು ನೂರ ಮೂವತ್ತು ವರ್ಷಗಳಿಗೂ ಹಿಂದಕ್ಕೆ, ಯೂರೋಪಿಗೆ ಹೋಗಬೇಕು.

ವಿಯೆನ್ನಾ–ಬರ್ಲಿನ್, 1892

1892ರ ಅಕ್ಟೋಬರ್ ತಿಂಗಳ ಮೊದಲ ದಿನಗಳು. ಜರ್ಮನಿ ಮತ್ತು ಆಸ್ಟ್ರಿಯಾ–ಹಂಗೆರಿ ಆಗ ಮಿತ್ರ ಸಾಮ್ರಾಜ್ಯಗಳು. ಎರಡೂ ಸೇನೆಗಳ ಅಶ್ವದಳಗಳಿಗೆ ತಮ್ಮ ತಮ್ಮ ಕುದುರೆಗಳ ಮೇಲೆ ಬಲು ಹೆಮ್ಮೆ. ಯಾರ ಕುದುರೆ ಮೇಲು ಎಂಬುದನ್ನು ನೋಡಿಯೇಬಿಡೋಣ ಎಂದು ಒಂದು ಸವಾರಿ ಏರ್ಪಟ್ಟಿತು. ಆಸ್ಟ್ರಿಯಾ–ಹಂಗೆರಿಯ ಅಧಿಕಾರಿಗಳು ವಿಯೆನ್ನಾದಿಂದ ಬರ್ಲಿನ್‌ಗೆ, ಜರ್ಮನಿಯ ಅಧಿಕಾರಿಗಳು ಬರ್ಲಿನ್‌ನಿಂದ ವಿಯೆನ್ನಾಕ್ಕೆ ಹೊರಡಬೇಕು. ದೂರ ಸುಮಾರು 580 ಕಿಲೋಮೀಟರ್. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ವಿಶ್ರಾಂತಿ ಕೊಡಬೇಕು ಎಂಬುದೆಲ್ಲ ಸವಾರನ ಇಷ್ಟ. ದಾರಿಯಲ್ಲಿ ಕುದುರೆಯನ್ನು ಪರೀಕ್ಷಿಸಿ 'ಇನ್ನು ಸಾಕು, ಇಳಿ' ಎಂದು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ.

ಗೆದ್ದವರು ಆಸ್ಟ್ರಿಯಾದ ಕೌಂಟ್ ವಿಲ್ಹೆಲ್ಮ್ ಸ್ಟಾರ್‌ಹೆಂಬರ್ಗ್. ಅವರು ತೆಗೆದುಕೊಂಡ ಕಾಲ 71 ಗಂಟೆ 26 ನಿಮಿಷ. ಆದರೆ ಅವರನ್ನು ಬರ್ಲಿನ್‌ಗೆ ಮುಟ್ಟಿಸಿದ ಅಥೋಸ್ ಎಂಬ ಕುದುರೆ ಬೇಗನೆ ಅಸುನೀಗಿತು. ಜರ್ಮನ್ ಸವಾರರಲ್ಲಿ ಮೊದಲಿಗರಾದ ಲೆಫ್ಟಿನೆಂಟ್ ಫಾನ್ ರೈಟ್ಸೆನ್‌ಸ್ಟೈನ್ ಅವರ ಕುದುರೆಯೂ ಉಳಿಯಲಿಲ್ಲ. ಹೊರಟ ಇನ್ನೂರರಷ್ಟು ಕುದುರೆಗಳಲ್ಲಿ ಸತ್ತವು ಇಪ್ಪತ್ತಕ್ಕೂ ಹೆಚ್ಚು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 580 ಕಿಲೋಮೀಟರನ್ನು 71 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಎಂಟು ಕಿಲೋಮೀಟರಿಗಿಂತ ತುಸು ಹೆಚ್ಚು. ಅಷ್ಟೇನೂ ವೇಗವಲ್ಲ, ಅಲ್ಲವೇ? ಕುದುರೆಯ ಸಾಧಾರಣ ನಡಿಗೆಯೇ ಗಂಟೆಗೆ ಆರೇಳು ಕಿಲೋಮೀಟರ್ ಇರುತ್ತದೆ. ಹಾಗಾದರೆ ಕುದುರೆ ಸತ್ತದ್ದೇಕೆ? ಈ ಸರಾಸರಿಯಲ್ಲಿ ನಿದ್ದೆ, ಮೇವು, ನೀರು, ವಿಶ್ರಾಂತಿ ಎಲ್ಲದರ ಕಾಲವೂ ಸೇರಿದೆ. ಹಗಲೂ ರಾತ್ರಿಯೂ ಮೂರು ದಿನ ಈ ಸರಾಸರಿಯನ್ನು ಉಳಿಸಿಕೊಳ್ಳಬೇಕಾದರೆ ನಿಂತ ಹೊತ್ತು ತೀರ ಕಡಿಮೆ ಇರಬೇಕು. ದಿನಕ್ಕೆ 190 ಕಿಲೋಮೀಟರಿಗೂ ಮೀರಿದ ದುಡಿಮೆ. ಒಂದು ದಿನದ ದಣಿವು ಆರುವ ಮೊದಲೇ ಮರುದಿನದ ದಣಿವು ಅದರ ಮೇಲೆ ಬೀಳುತ್ತಿತ್ತು. ಕುದುರೆಯನ್ನು ಕೊಂದದ್ದು ವೇಗಕ್ಕಿಂತ ಹೆಚ್ಚಾಗಿ ಬಿಡುವಿಲ್ಲದಿರುವಿಕೆ.

ಚಾಡ್ರನ್‌ನಿಂದ ಶಿಕಾಗೋವರೆಗೆ

ಮರುವರ್ಷವೇ, 1893ರ ಜೂನ್ 13ರಂದು, ಅಮೆರಿಕದಲ್ಲಿ ಒಂದು ಸವಾರಿ ಆರಂಭವಾಯಿತು. ನೆಬ್ರಾಸ್ಕಾ ರಾಜ್ಯದ ಚಾಡ್ರನ್ ಎಂಬ ಊರಿನಿಂದ ಶಿಕಾಗೋವರೆಗೆ ಸುಮಾರು ಸಾವಿರ ಮೈಲಿ. ಹೊರಟವರು ಒಂಬತ್ತು ಮಂದಿ. ಒಬ್ಬೊಬ್ಬ ಸವಾರನಿಗೂ ಎರಡು ಕುದುರೆ. ಯೂರೋಪಿನ ಸುದ್ದಿ ಇನ್ನೂ ಹಸಿಯಾಗಿತ್ತು. ಪ್ರಾಣಿದಯಾ ಸಂಘಗಳು ಗಟ್ಟಿಯಾಗಿ ಪ್ರತಿಭಟಿಸಿದವು. ಇಲಿನಾಯ್ ರಾಜ್ಯದ ಗವರ್ನರ್ ಜಾನ್ ಆಲ್ಟ್‌ಗೆಲ್ಡ್ ಪ್ರಾಣಿಹಿಂಸೆಯ ವಿರುದ್ಧ ಪ್ರಕಟಣೆಯನ್ನೇ ಹೊರಡಿಸಿದರು. ಕೊನೆಗೆ ಸಂಘದ ಪ್ರತಿನಿಧಿಗಳು ದಾರಿಯುದ್ದಕ್ಕೂ ಕುದುರೆಗಳನ್ನು ನೋಡುತ್ತ ಬರುವ ಏರ್ಪಾಡಾಯಿತು.

ಮೊದಲು ಬಂದ ಜಾನ್ ಬೆರಿ ತೆಗೆದುಕೊಂಡದ್ದು 13 ದಿನ 16 ಗಂಟೆ. ದಾರಿಯನ್ನು ಗುರುತಿಸುವ ಕೆಲಸದಲ್ಲಿ ಅವರೂ ಇದ್ದುದರಿಂದ ಆ ಗೆಲುವಿನ ಬಗ್ಗೆ ಜಗಳವಾದದ್ದು ಬೇರೆ ಮಾತು. ನಾವು ಗಮನಿಸಬೇಕಾದದ್ದು ದಿನದ ಲೆಕ್ಕ. ಅದು ಸುಮಾರು 117 ಕಿಲೋಮೀಟರಿಗೆ ಇಳಿದಿತ್ತು. ಅದೂ ಎರಡು ಕುದುರೆಗಳ ನಡುವೆ ಹಂಚಿಹೋಗಿತ್ತು. ಸವಾರನ ಹೊರತಾಗಿ ಇನ್ನೊಬ್ಬರ ಕಣ್ಣು ಕುದುರೆಯ ಮೇಲೆ ಬಿದ್ದದ್ದು ಇಲ್ಲಿನ ದೊಡ್ಡ ಬದಲಾವಣೆ.

ನೂರು ಮೈಲಿ, ಒಂದು ದಿನ

ಈಗಿನ ಕ್ರೀಡೆಯ ನಿಜವಾದ ಹುಟ್ಟು 1955ರಲ್ಲಿ. ಕ್ಯಾಲಿಫೋರ್ನಿಯಾದ ಆಬರ್ನ್ ಊರಿನ ವೆಂಡೆಲ್ ರೋಬಿ ಎಂಬುವರು, ಈ ಕಾಲದ ಕುದುರೆಗಳೂ ಒಂದೇ ದಿನದಲ್ಲಿ ನೂರು ಮೈಲಿ ಹೋಗಬಲ್ಲವು ಎಂದು ತೋರಿಸಲು ಹೊರಟರು. ಟಾಹೋ ಸರೋವರದ ಕಡೆಯಿಂದ ಸಿಯೆರಾ ನೆವಾಡಾ ಪರ್ವತಗಳನ್ನು ಹತ್ತಿಳಿದು ಆಬರ್ನ್ ತಲುಪುವ ಕಡಿದಾದ ದಾರಿ ಅದು. ಟೆವಿಸ್ ಕಪ್ ಎಂದು ಪ್ರಸಿದ್ಧವಾದ ಈ ಸವಾರಿಯಲ್ಲಿ 24 ಗಂಟೆಯೊಳಗೆ ಆರೋಗ್ಯವಾದ ಕುದುರೆಯೊಂದಿಗೆ ಬಂದವರಿಗೆಲ್ಲ ಬೆಳ್ಳಿಯ ಬೆಲ್ಟ್ ಬಕಲ್ ಸಿಗುತ್ತದೆ. ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಅದನ್ನು ಪಡೆಯುತ್ತಾರೆ.

1964ರಿಂದ ಅಲ್ಲಿ ಹ್ಯಾಗಿನ್ ಕಪ್ ಎಂಬ ಇನ್ನೊಂದು ಪ್ರಶಸ್ತಿಯೂ ಸೇರಿತು. ಮೊದಲು ಬಂದ ಹತ್ತು ಕುದುರೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವ ಕುದುರೆಗೆ ಇದು ಸಲ್ಲುತ್ತದೆ. ಸವಾರರಲ್ಲಿ ಅನೇಕರು ಮೊದಲ ಸ್ಥಾನಕ್ಕಿಂತ ಇದನ್ನೇ ಹೆಚ್ಚಿನದೆಂದು ಬಗೆಯುತ್ತಾರೆ. 1972ರಲ್ಲಿ ಹುಟ್ಟಿದ ಅಮೆರಿಕದ ಎಂಡ್ಯೂರೆನ್ಸ್ ಸವಾರರ ಸಂಸ್ಥೆಯ ಧ್ಯೇಯವಾಕ್ಯವಂತೂ 'ಮುಗಿಸಿದವನೇ ಗೆದ್ದವನು' ಎಂದೇ ಇದೆ. 1986ರಲ್ಲಿ ರೋಮ್ ನಗರದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಕುದುರೆಯ ಒಳಗೆ ಏನಾಗುತ್ತದೆ?

ಸ್ನಾಯುಗಳು ದುಡಿಯುವಾಗ ಖರ್ಚಾಗುವ ಶಕ್ತಿಯ ಬಹುಪಾಲು ಶಾಖವಾಗಿಬಿಡುತ್ತದೆ. ಈ ಶಾಖವನ್ನು ಹೊರಹಾಕಲು ಕುದುರೆ ನಮ್ಮ ಹಾಗೆಯೇ ಬೆವರುತ್ತದೆ. ಬಿಸಿಲಿನಲ್ಲಿ ಗಂಟೆಗೆ ಹತ್ತು ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ಮನುಷ್ಯನ ಬೆವರಿಗಿಂತ ಅದರಲ್ಲಿ ಲವಣ ಬಹಳ ಹೆಚ್ಚು. ಇಲ್ಲಿಯೇ ಅಪಾಯ ಅಡಗಿದೆ. ನೀರಿನ ಜೊತೆಗೆ ಲವಣವೂ ಹೋಗುವುದರಿಂದ ರಕ್ತ ಗಟ್ಟಿಯಾದ ಸೂಚನೆ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಮೈಯಲ್ಲಿ ನೀರು ಬತ್ತಿದ್ದರೂ ಕುದುರೆಗೆ ಬಾಯಾರಿಕೆ ಆಗದೆ ಇರಬಹುದು. ಹೊಟ್ಟೆಗೆ ಹೋಗಬೇಕಾದ ರಕ್ತ ಸ್ನಾಯುಗಳಿಗೆ ಹರಿದು ಕರುಳಿನ ಚಲನೆ ನಿಂತರೆ ಪ್ರಾಣಕ್ಕೇ ಸಂಚಕಾರ.

ಆದುದರಿಂದ ಜಾಣ ಸವಾರ ಆರಂಭದಲ್ಲಿ ಕುದುರೆಯ ಹುರುಪನ್ನು ಹಿಡಿದಿಡುತ್ತಾನೆ. ಟ್ರಾಟ್ ಎನ್ನುವ ಹದವಾದ ಓಟದಲ್ಲಿ ಸಮನಾಗಿ ಸಾಗುತ್ತಾನೆ. ಉಸಿರಾಟದಿಂದ ಸಿಗುವ ಆಮ್ಲಜನಕವೇ ಸ್ನಾಯುಗಳಿಗೆ ಸಾಕಾಗುವಷ್ಟು ವೇಗ ಅದು. ನೀರು ಕಂಡಲ್ಲೆಲ್ಲ ನಿಲ್ಲುತ್ತಾನೆ, ಕುದುರೆಯ ಕುತ್ತಿಗೆಗೆ ನೀರೆರಚುತ್ತಾನೆ. ಕಡಿದಾದ ಇಳಿಜಾರಿನಲ್ಲಿ ತಾನೇ ಇಳಿದು ಪಕ್ಕದಲ್ಲಿ ನಡೆಯುತ್ತಾನೆ.

ಎಲ್ಲ ಸವಾರರೂ ಇಷ್ಟು ತಾಳ್ಮೆಯವರಾಗಿರುವುದಿಲ್ಲ. ಅದಕ್ಕಾಗಿಯೇ ದಾರಿಯಲ್ಲಿ ಅಲ್ಲಲ್ಲಿ ತಪಾಸಣಾ ಕೇಂದ್ರಗಳಿರುತ್ತವೆ. ಅಂತರರಾಷ್ಟ್ರೀಯ ಸವಾರಿಗಳಲ್ಲಿ ಕೇಂದ್ರ ತಲುಪಿದ ಮೇಲೆ ಗೊತ್ತಾದ ಕೆಲವೇ ನಿಮಿಷಗಳಲ್ಲಿ ಕುದುರೆಯ ನಾಡಿಬಡಿತ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಅದನ್ನು ಪರೀಕ್ಷೆಗೆ ಒಪ್ಪಿಸಿದ ಮೇಲೆಯೇ ಕಡ್ಡಾಯ ವಿಶ್ರಾಂತಿಯ ಗಡಿಯಾರ ಓಡಲು ಆರಂಭ. ಇದರ ಚತುರತೆಯನ್ನು ಯೋಚಿಸಿ. ವೇಗವಾಗಿ ಬಂದು ಐದು ನಿಮಿಷ ಉಳಿಸಿದವನ ಕುದುರೆ ತಣಿಯಲು ಹತ್ತು ನಿಮಿಷ ಹೆಚ್ಚಿಗೆ ಹಿಡಿದರೆ ಅವನಿಗೇ ನಷ್ಟ. ಕರುಣೆ ಇಲ್ಲದವನು ಕೂಡ ಲಾಭಕ್ಕಾಗಿಯಾದರೂ ನಿಧಾನಿಸಬೇಕಾಗುತ್ತದೆ! ವೈದ್ಯರು ಚರ್ಮವನ್ನು ಚಿವುಟಿ ಎತ್ತಿ ಅದು ಎಷ್ಟು ಬೇಗ ಸಮನಾಗುತ್ತದೆ ಎಂದು ನೋಡುತ್ತಾರೆ. ಒಸಡನ್ನು ಒತ್ತಿ ಬಣ್ಣ ಮರಳುವುದನ್ನು ಗಮನಿಸುತ್ತಾರೆ. ಕರುಳಿನ ಸದ್ದು ಕೇಳುತ್ತಾರೆ. ಓಡಿಸಿ ಕುಂಟು ಇದೆಯೇ ಎಂದು ಪರೀಕ್ಷಿಸುತ್ತಾರೆ.

ಮುಗಿಯದ ಪಾಠ

ಹಾಗೆಂದು ಎಲ್ಲವೂ ಸರಿಹೋಯಿತೇ? ಇಲ್ಲ. ಸಪಾಟಾದ ಮರಳುಗಾಡಿನ ದಾರಿಗಳಲ್ಲಿ ದೊಡ್ಡ ಬಹುಮಾನಗಳು ಬಂದಾಗ ಸರಾಸರಿ ವೇಗ ಗಂಟೆಗೆ 25 ಕಿಲೋಮೀಟರನ್ನೂ ಮೀರಿತು. ಕಾಲು ಮುರಿದು ಸತ್ತ ಕುದುರೆಗಳ ಸುದ್ದಿ ಬಂತು. 2015ರಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ಯುನೈಟೆಡ್ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ಒಕ್ಕೂಟವನ್ನು ಅಮಾನತಿನಲ್ಲಿಟ್ಟಿತು. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ಬಿಸಿಲು ಮತ್ತು ಗಾಳಿಯ ತೇವ ಮಿತಿಮೀರಿದ್ದರಿಂದ ವಿಶ್ವ ಪಂದ್ಯವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಒಂದು ಕುದುರೆ ಉಳಿಯಲಿಲ್ಲ. ಆ ಬಳಿಕ 2020ರಲ್ಲಿ ನಿಯಮಗಳನ್ನು ಮತ್ತೆ ಬಿಗಿಗೊಳಿಸಲಾಯಿತು.

ಮಿತ್ರರೇ, ಕುದುರೆಗೆ 'ಸಾಕು' ಎನ್ನುವ ಮಾತು ಬಾರದು. ಬೆನ್ನ ಮೇಲಿರುವವನು ಮುಂದೆ ಎಂದರೆ ಅದು ಬೀಳುವ ತನಕ ಮುಂದೆ ಹೋಗುತ್ತದೆ. ಅದರ ಪರವಾಗಿ 'ಸಾಕು' ಎಂದು ಹೇಳುವ ಅಧಿಕಾರವನ್ನು ಗೆಲುವಿನ ಆಸೆಯಿಲ್ಲದ ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಮನುಷ್ಯನಿಗೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಅಧಿಕಾರ ಸಡಿಲವಾದಾಗಲೆಲ್ಲ 1892 ಮತ್ತೆ ಮರುಕಳಿಸಿದೆ. ನಿಯಮಗಳ ಪುಸ್ತಕದಲ್ಲಿ 64 ಎಂಬ ಅಂಕಿಯನ್ನು ಕಂಡಾಗ, ಅದನ್ನು ಬರೆಸಿದ ಅಥೋಸ್‌ನನ್ನೂ ನೆನೆಯಿರಿ.