ನಟ್ಟು ಕೂತರೆ ಸಾಲದು: ಹಳೆಯ ಕಾರಿನ ಬ್ರೇಕ್ ಪೈಪು ಮತ್ತು ಅದರ ಜೋಡಣೆ

ಹಳೆಯ ಅಂಬಾಸಿಡರ್ ಒಂದರ ಬ್ರೇಕ್ ಪೈಪುಗಳನ್ನು ಬದಲಿಸುವಾಗ ಎದುರಾದ ಸಣ್ಣದೊಂದು ಅನುಮಾನ ಈ ಟಿಪ್ಪಣಿಗೆ ಮೂಲ. ಹಿಂದಿನ ಆಕ್ಸಲ್ ಮೇಲಿನ ಮೂರು ದಾರಿಯ ಟಿ-ಜಂಕ್ಷನ್ನನ್ನು ಯಾರೋ ಹಿಂದೊಮ್ಮೆ ಬದಲಿಸಿದ್ದರು. ಪೈಪಿನ ನಟ್ಟು ಅದರೊಳಗೆ ಬೆರಳಲ್ಲೇ ಸರಾಗವಾಗಿ ತಿರುಗಿ ಕೂತಿತು. ಆದರೆ ನಾಲ್ಕು ಸುತ್ತು ಒಳಗೆ ಹೋದ ಮೇಲೂ ಹಿಡಿದು ಅಲ್ಲಾಡಿಸಿದರೆ ಅಲುಗುತ್ತಿತ್ತು. ವರ್ನಿಯರ್ ಹಿಡಿದು ನೋಡಿದಾಗ ನಟ್ಟಿನ ಹೊರವ್ಯಾಸ 9.45 ಮಿ.ಮೀ. ಇತ್ತು. ಜಂಕ್ಷನ್ನಿನ ತೂತು 10 ಮಿ.ಮೀ. ನಟ್ಟಿನದು. ಎರಡೂ ಬೇರೆ ಬೇರೆ ಅಳತೆ ಪದ್ಧತಿಗೆ ಸೇರಿದವು. ಆದರೂ ಒಂದರೊಳಗೊಂದು ಹೋಗಿದ್ದವು.

ಎರಡು ಪದ್ಧತಿ, ಒಂದೇ ರಸ್ತೆ

ಅಂಬಾಸಿಡರ್ ಮೂಲತಃ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ 2014ರವರೆಗೂ ನಡೆಯಿತು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ ಪದ್ಧತಿಯನ್ನು ಆ ಕಾಲದ ಬ್ರಿಟಿಷ್ ಕಾರುಗಳು ಅನುಸರಿಸಿದವು. ಅವುಗಳ ಬ್ರೇಕ್ ಪೈಪಿನ ವ್ಯಾಸ 3/16 ಇಂಚು, ಅಂದರೆ ಸುಮಾರು 4.75 ಮಿ.ಮೀ. ಅದಕ್ಕೆ ಸಾಮಾನ್ಯವಾಗಿ ಬರುವ ನಟ್ಟು 3/8 ಇಂಚಿನದು, ಇಂಚಿಗೆ 24 ಥ್ರೆಡ್. ಅದೇ ರಸ್ತೆಯಲ್ಲಿ ಓಡಿದ ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100ರ ಕುಡಿ. ಅದು ಮೆಟ್ರಿಕ್ ಮನೆತನದ್ದು. ಹೀಗಾಗಿ ನಮ್ಮ ಗ್ಯಾರೇಜುಗಳ ನಟ್ಟಿನ ಡಬ್ಬಿಯಲ್ಲಿ ಎರಡೂ ಪದ್ಧತಿಗಳ ನಟ್ಟುಗಳು ಬೆರೆತುಹೋಗಿವೆ. ಪೈಪಿನ ವ್ಯಾಸ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪೈಪು ನೋಡಿ ನಟ್ಟು ಗುರುತಿಸಲಾಗದು.

ಹೋಗುತ್ತದೆ, ಹಿಡಿಯುವುದಿಲ್ಲ

3/8 ಇಂಚು ಎಂದರೆ 9.525 ಮಿ.ಮೀ.; ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ, ಅಂದರೆ ಪಿಚ್, 1.058 ಮಿ.ಮೀ. ಈಗಿನ ಮೆಟ್ರಿಕ್ ಬ್ರೇಕ್ ನಟ್ಟುಗಳಲ್ಲಿ ಹೆಚ್ಚು ಬಳಕೆಯ ಎಂ10 ಅಳತೆಯ ವ್ಯಾಸ 10 ಮಿ.ಮೀ., ಪಿಚ್ 1. ಎಂ10 ತೂತಿನ ಒಳವ್ಯಾಸ ಸುಮಾರು 8.92 ಮಿ.ಮೀ. ಸರಿಯಾದ ನಟ್ಟು ಹಾಕಿದರೆ ಥ್ರೆಡ್ಡುಗಳು ಒಂದು ಬದಿಯಲ್ಲಿ 0.54 ಮಿ.ಮೀ. ಆಳಕ್ಕೆ ಒಂದನ್ನೊಂದು ಕಚ್ಚುತ್ತವೆ. 3/8 ಇಂಚಿನ ನಟ್ಟು ಹಾಕಿದರೆ ಆ ಕಚ್ಚು 0.3 ಮಿ.ಮೀ.ಗೆ ಇಳಿಯುತ್ತದೆ. ಪಿಚ್ಚೂ ತಾಳೆಯಾಗದು. ಎಂಟು ಸುತ್ತಿಗೆ 0.47 ಮಿ.ಮೀ.ನಷ್ಟು ವ್ಯತ್ಯಾಸ ಬೀಳುವುದರಿಂದ ಇಡೀ ಭಾರವನ್ನು ಕೆಲವೇ ಥ್ರೆಡ್ಡುಗಳು ಹೊರುತ್ತವೆ. ತಿರುಗಾಮುರುಗಾ ಮಾಡಿದರೆ, ಎಂದರೆ ಎಂ10 ನಟ್ಟನ್ನು 3/8ರ ತೂತಿಗೆ ಹಾಕಿದರೆ, ಒಂದೆರಡು ಸುತ್ತಿಗೇ ಬಿಗಿದು ನಿಲ್ಲುತ್ತದೆ. ಆ ತಪ್ಪು ಕೈಗೇ ತಿಳಿಯುತ್ತದೆ. ಅಪಾಯ ಇರುವುದು ಕೈಗೆ ತಿಳಿಯದ ಮೊದಲ ತಪ್ಪಿನಲ್ಲಿ.

ಆ ಜೋಡಣೆ ಹೊರಬೇಕಾದ ಒತ್ತಡವೇನು ಸಣ್ಣದಲ್ಲ. ಪೆಡಲ್ ಮೇಲೆ 30 ಕೆ.ಜಿ. ಬಲ, ಪೆಡಲಿನ ಸನ್ನೆ ಐದು ಪಟ್ಟು, ಮಾಸ್ಟರ್ ಸಿಲಿಂಡರ್ ಮುಕ್ಕಾಲು ಇಂಚು ಎಂದಿಟ್ಟುಕೊಂಡರೆ ಬ್ರೇಕ್ ಆಯಿಲಿನ ಒತ್ತಡ ಚದರ ಸೆಂ.ಮೀ.ಗೆ ಸುಮಾರು 53 ಕೆ.ಜಿ. ಆಗುತ್ತದೆ. ಇದು ಟೈರಿನ ಗಾಳಿಯೊತ್ತಡದ ಇಪ್ಪತ್ತೈದು ಪಟ್ಟು. ಗಾಬರಿಯಲ್ಲಿ ಒತ್ತಿದ ಕಾಲು ಇದನ್ನೂ ಮೀರುತ್ತದೆ.

ತುದಿ ಮತ್ತು ಆಸನ

ಥ್ರೆಡ್ಡಿನ ಕೆಲಸ ಪೈಪಿನ ತುದಿಯನ್ನು ಅದರ ಆಸನಕ್ಕೆ ಒತ್ತಿಹಿಡಿಯುವುದಷ್ಟೆ. ಸೋರಿಕೆ ತಡೆಯುವುದು ಆ ತುದಿ. ಅದರಲ್ಲಿ ಎರಡು ಬಗೆ. ಡಬಲ್ ಫ್ಲೇರ್‌ನಲ್ಲಿ ಪೈಪಿನ ಬಾಯಿ ಒಳಕ್ಕೆ ಮಡಚಿಕೊಂಡು ಆಲಿಕೆಯಂತೆ ಅರಳಿರುತ್ತದೆ. ಬಬಲ್ ಫ್ಲೇರ್‌ನಲ್ಲಿ ಅದು ಅಣಬೆಯ ತಲೆಯಂತೆ ಉಬ್ಬಿರುತ್ತದೆ. ಟಾರ್ಚ್ ಹಿಡಿದು ತೂತಿನ ತಳ ನೋಡಬೇಕು: ಅಲ್ಲಿ ಶಂಕುವಿನಂತೆ ಎದ್ದ ಆಸನವಿದ್ದರೆ ಆಲಿಕೆಯ ತುದಿ, ತಗ್ಗಿದ್ದರೆ ಉಬ್ಬಿದ ತುದಿ. ಇವು ಅದಲುಬದಲಾದರೆ ಎಷ್ಟು ಬಿಗಿದರೂ ಜಿನುಗುವುದು ನಿಲ್ಲದು. ಬಿಗಿದಷ್ಟೂ ಆಸನ ಹಾಳು. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪಿನಿಂದ ಇದಕ್ಕೆ ಪರಿಹಾರವಿಲ್ಲ. ಕೊಯ್ದ ಪೈಪನ್ನು ಫೆರೂಲ್ ಹಾಕಿ ಕೂಡಿಸುವ ಕೊಳಾಯಿ ಜೋಡಣೆಗೂ ಬ್ರೇಕಿನಲ್ಲಿ ಜಾಗವಿಲ್ಲ.

ಪೈಪಿನ ಲೋಹ

ಹಳೆಯ ಪೈಪು ಉಕ್ಕಿನದು. ಕರಾವಳಿಯಲ್ಲಿ ಅದು ಮೊದಲು ಕೆಡುವುದು ಕ್ಲಿಪ್ಪುಗಳ ಅಡಿಯಲ್ಲಿ. ನೀರು, ಉಪ್ಪು, ಕೆಸರು ಅಲ್ಲೇ ಸಿಕ್ಕಿಕೊಂಡು ಉಳಿಯುತ್ತವೆ. ಹೊರಗೆ ಬಣ್ಣ ಮಾಸದ ಪೈಪು, ಕ್ಲಿಪ್ ಬಿಚ್ಚಿದಾಗ ಅಡಿಯಲ್ಲಿ ಹಪ್ಪಳದಂತೆ ಪದರು ಪದರಾಗಿ ಏಳುವುದುಂಟು. ಬರೀ ತಾಮ್ರದ ಪೈಪು ಬಗ್ಗಿಸಲು ಸುಲಭ, ಆದರೆ ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ. ಸುಮಾರು ಶೇಕಡ 10ರಷ್ಟು ನಿಕ್ಕಲ್ ಬೆರೆತ ತಾಮ್ರದ ಪೈಪು ತುಕ್ಕು ಹಿಡಿಯುವುದಿಲ್ಲ, ಕೈಯಿಂದಲೇ ಬಗ್ಗುತ್ತದೆ, ಫ್ಲೇರ್ ಚೊಕ್ಕಟವಾಗಿ ಮೂಡುತ್ತದೆ. ವೋಲ್ವೊ ಕಂಪನಿ 1970ರ ದಶಕದಲ್ಲೇ ಇದನ್ನು ತನ್ನ ಕಾರುಗಳಿಗೆ ಅಳವಡಿಸಿತು. ಕರಾವಳಿಯ ಕಾರಿಗೆ ನನ್ನ ಆಯ್ಕೆ ಇದೇ.

ತೀರ್ಮಾನ

ಪ್ರತಿ ಜೋಡಣೆಯಲ್ಲೂ ನಾಲ್ಕು ಸಂಗತಿಗಳನ್ನು ಬೇರೆ ಬೇರೆಯಾಗಿ ಖಚಿತಪಡಿಸಿಕೊಳ್ಳಬೇಕು: ನಟ್ಟಿನ ವ್ಯಾಸ, ಪಿಚ್, ತುದಿಯ ಆಕಾರ, ಆಸನದ ಆಕಾರ. ವ್ಯಾಸಕ್ಕೆ ವರ್ನಿಯರ್, ಪಿಚ್ಚಿಗೆ ಪಿಚ್ ಗೇಜ್. ಕಾರಿನ ಹೆಸರು ಹೇಳಿ ಭಾಗ ಕೊಳ್ಳುವುದು ಸಾಲದು, ಏಕೆಂದರೆ ನಲವತ್ತು ವರ್ಷ ಓಡಿದ ಕಾರಿನಲ್ಲಿ ಯಾರು ಯಾವಾಗ ಏನು ಬದಲಿಸಿದ್ದಾರೋ ಕಾರಿನ ಹೆಸರು ತಿಳಿಸದು. ಕೆಲಸ ಮುಗಿದು, ಏರ್ ತೆಗೆದ ಮೇಲೆ ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಹಾಸಿ, ಪೆಡಲನ್ನು ಕೆಲವು ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಬೇಕು. ಕಾಗದ ಒದ್ದೆಯಾಗಬಾರದು, ಪೆಡಲ್ ಕೆಳಗಿಳಿಯಬಾರದು. ಆದರೆ ತಪ್ಪು ಥ್ರೆಡ್ಡೂ ಒಂದು ದಿನದ ಮಟ್ಟಿಗೆ ಈ ಪರೀಕ್ಷೆಯಲ್ಲಿ ಗೆಲ್ಲಬಹುದು. ಆದ್ದರಿಂದ ಅಳತೆ ಮೊದಲು, ಪರೀಕ್ಷೆ ಆಮೇಲೆ.

ಮೇಲೆ ಹೇಳಿದ ಕಾರಿನ ಟಿ-ಜಂಕ್ಷನ್ ತೆಗೆದು 3/8 ಇಂಚಿನದನ್ನು ಹಾಕಿದೆವು. ಬಾನೆಟ್ಟಿನ ಒಳಬದಿಗೆ ಎಲ್ಲ ಜೋಡಣೆಗಳ ಅಳತೆ ಬರೆದ ಚೀಟಿ ಅಂಟಿಸಿದೆವು. ಮುಂದೆ ಈ ಕಾರಿನಡಿ ಮಲಗುವ ಮೆಕ್ಯಾನಿಕ್‌ಗೆ ನಮ್ಮ ಪರಿಚಯ ಇರುವುದಿಲ್ಲ; ಅವನಿಗೆ ಆ ಚೀಟಿ ಸಾಕು.