ತಂತ್ರಾಂಶ ಸ್ಥಾಪನೆಯ ವಿಘ್ನಗಳು: ಒಂದು ಚಾರಿತ್ರಿಕ ವಿವೇಚನೆ

ಲಿನಕ್ಸ್ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸಹೊರಟವರಿಗೆ ಎದುರಾಗುವ ವಿಘ್ನಗಳನ್ನು ಯಂತ್ರದ ಹಟವೆಂದು ಭಾವಿಸುವುದು ವಾಡಿಕೆ. ಈ ಭಾವನೆ ಸಾಧುವಲ್ಲವೆಂಬುದನ್ನೂ, ಯಂತ್ರದ ನಿರಾಕರಣೆಯ ಹಿಂದೆ ಮೂರು ದಶಕಗಳ ಅನುಭವವಿದೆಯೆಂಬುದನ್ನೂ ಇಲ್ಲಿ ತೋರಿಸಲು ಯತ್ನಿಸುತ್ತೇವೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಮೈಸೂರು ವಿಶ್ವವಿದ್ಯಾನಿಲಯವು 1974ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಮೂರನೆಯ ಸಂಪುಟದಲ್ಲಿ ಅಚ್ಚಾಗಿವೆಯಷ್ಟೆ. ಭೀಮನಬೀಡಿನ ವಿದ್ಯಾರ್ಥಿಯೊಬ್ಬನು ಅವುಗಳ ಪಾಠವನ್ನು ಬೆರಳಚ್ಚು ಮಾಡಲೆಂದು, ಡೆಬಿಯನ್ ವ್ಯವಸ್ಥೆಯುಳ್ಳ ಕಂಪ್ಯೂಟರಿನಲ್ಲಿ 'ಗುಬ್ಬಿ' ಎಂಬ ಕನ್ನಡ ಫಾಂಟಿನ ಪ್ಯಾಕೇಜನ್ನು ಸ್ಥಾಪಿಸುತ್ತಿರುವಾಗ ವಿದ್ಯುತ್ತು ನಿಂತುಹೋಗುತ್ತದೆ. ಮತ್ತೆ ಪ್ರಾರಂಭಿಸಿದರೆ ಯಂತ್ರವು ಯಾವ ಹೊಸ ಪ್ಯಾಕೇಜನ್ನೂ ಸ್ವೀಕರಿಸದು. ಅಕ್ಷರಗಳಿರಬೇಕಾದೆಡೆ ಬರಿಯ ಚೌಕಗಳು. ಈ ಸ್ಥಿತಿ ಹೇಗೆ ಒದಗಿತು?

ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಪ್ರಕಟಿಸಿದಾಗ ಪ್ಯಾಕೇಜೆಂಬ ವ್ಯವಸ್ಥೆಯೇ ಇರಲಿಲ್ಲ. ಮೂಲಸಂಕೇತವನ್ನು ತಂದು ತಾವೇ ಸಿದ್ಧಗೊಳಿಸಿಕೊಳ್ಳಬೇಕಾಗಿತ್ತು. 1993ರ ಸ್ಲಾಕ್‌ವೇರ್ ಕಡತಗಳನ್ನು ಗಂಟುಕಟ್ಟಿ ಕೊಟ್ಟಿತಾದರೂ, ಒಂದು ಗಂಟು ಮತ್ತೊಂದನ್ನು ಅವಲಂಬಿಸಿದೆಯೇ ಎಂದು ವಿಚಾರಿಸುತ್ತಿರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ನನ್ನು ಘೋಷಿಸಿದನು. ಅದಕ್ಕಾಗಿ 1994ರಲ್ಲಿ ರೂಪುಗೊಂಡ ಡಿಪಿಕೆಜಿ ಎಂಬ ಸಾಧನವು ಸ್ಥಾಪನೆಯನ್ನು ಎರಡು ಹಂತಗಳಾಗಿ ವಿಭಾಗಿಸುತ್ತದೆ: ಮೊದಲು ಗಂಟನ್ನು ಬಿಚ್ಚುವುದು, ಅನಂತರ ಅಣಿಗೊಳಿಸುವುದು. ಪ್ರತಿಯೊಂದು ಹಂತವೂ ದಾಖಲೆಗೆ ಸೇರುತ್ತದೆ. ನಮ್ಮ ವಿದ್ಯಾರ್ಥಿಯ ಯಂತ್ರ ಈ ಎರಡರ ನಡುವೆ ನಿಂತಿದೆ. ಅಪೂರ್ಣವಾದುದನ್ನು ಪೂರ್ಣಗೊಳಿಸೆಂದು ಆಜ್ಞಾಪಿಸಿದರೆ ಸಾಕು, ಚೌಕಗಳು ಅಕ್ಷರಗಳಾಗುತ್ತವೆ.

1995ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಆರ್‌ಪಿಎಂ ಬಂದಿತು. ಈ ಸಾಧನಗಳು ಕೊರತೆಯನ್ನು ಹೇಳುತ್ತಿದ್ದುವೇ ಹೊರತು ತುಂಬುತ್ತಿರಲಿಲ್ಲ. ಒಂದಕ್ಕೆ ಬೇಕಾದ ಲೈಬ್ರರಿಯನ್ನು ತಂದರೆ ಅದು ಇನ್ನೆರಡನ್ನು ಕೇಳುತ್ತಿತ್ತು. ಈ ಪಾಡಿಗೆ ಜನರು 'ಅವಲಂಬನೆಯ ನರಕ'ವೆಂದು ಹೆಸರಿಟ್ಟರು. 1999ರ ಮಾರ್ಚಿಯಲ್ಲಿ ಬಿಡುಗಡೆಯಾದ ಡೆಬಿಯನ್ 2.1ರೊಡನೆ ಬಂದ ಎಪಿಟಿ, ಉಗ್ರಾಣದ ಸೂಚಿಯನ್ನು ನೋಡಿ ಅವಲಂಬನೆಗಳನ್ನು ತಾನೇ ತರಿಸತೊಡಗಿತು. ಆದರೂ ಈ ಕಾರ್ಯ ಸುಲಭವಾದುದಲ್ಲ. ಪರಸ್ಪರ ವಿರೋಧಿಸುವ ಆವೃತ್ತಿಗಳ ನಡುವೆ ಒಂದು ಪ್ಯಾಕೇಜನ್ನು ಸ್ಥಾಪಿಸಲು ಸಾಧ್ಯವೇ ಎಂಬ ಪ್ರಶ್ನೆ ಗಣಿತದ ಅತಿ ಕಠಿಣ ವರ್ಗವೊಂದಕ್ಕೆ ಸೇರಿದುದೆಂದು ಯೂರೋಪಿನ ಸಂಶೋಧಕರು 2006ರಲ್ಲಿ ತೋರಿಸಿದರು. 2008ರ ಓಪನ್‌ಸೂಸೆ 11.0 ತರ್ಕಶಾಸ್ತ್ರದ ವಿಧಾನದಿಂದಲೇ ಇದನ್ನು ಬಿಡಿಸತೊಡಗಿತು.

ಈ ಚರಿತ್ರೆಯಿಂದ ಪರಿಹಾರದ ಕ್ರಮವೂ ವಿದಿತವಾಗುತ್ತದೆ. ದೋಷಸೂಚನೆಗಳಲ್ಲಿ ಕೊನೆಯದನ್ನಲ್ಲ, ಮೊದಲನೆಯದನ್ನು ಓದಬೇಕು. ಉಳಿದವು ಬಹುಮಟ್ಟಿಗೆ ಅದರ ಪರಿಣಾಮಗಳು. ಬೇರೊಂದು ಸ್ಥಾಪನೆ ನಡೆಯುತ್ತಿದ್ದು ಬೀಗ ಬಿದ್ದಿದ್ದರೆ ಅದು ಮುಗಿಯುವವರೆಗೆ ಕಾಯಬೇಕು. ಅಪೂರ್ಣವಾದುದನ್ನು ಪೂರ್ಣಗೊಳಿಸಿ, ಸೂಚಿಯನ್ನು ನವೀಕರಿಸಿ, ಕೊರತೆಯನ್ನು ತುಂಬಲು ಎಪಿಟಿಗೇ ಬಿಡಬೇಕು. ಅಷ್ಟಕ್ಕೂ ಬಗೆಹರಿಯದಿದ್ದರೆ, ಬೇರೆ ಆವೃತ್ತಿಗೆಂದು ಸಿದ್ಧವಾದ ಉಗ್ರಾಣವೇನಾದರೂ ಬೆರೆತಿದೆಯೇ ಎಂದು ಪರಿಶೀಲಿಸಬೇಕು.

ಬಲಾತ್ಕಾರದ ಸ್ಥಾಪನೆಗೂ ಆಜ್ಞೆಗಳುಂಟು. ಆದರೆ ಅದು, ಪಾಠದಲ್ಲಿ ಲುಪ್ತವಾದ ಅಕ್ಷರವನ್ನು ಊಹೆಯಿಂದ ತುಂಬಿ, ಹಾಗೆ ತುಂಬಿದೆಯೆಂಬುದನ್ನು ಮರೆಮಾಚಿದಂತೆ: ಇಂದು ವಾಕ್ಯ ಪೂರ್ಣವಾಗುತ್ತದೆ, ನಾಳೆ ಅದರ ಮೇಲೆ ಕಟ್ಟಿದುದೆಲ್ಲ ಕುಸಿಯುತ್ತದೆ. ಶಾಸನದ ಮುಂದೆ ಇರುವ ತಾಳ್ಮೆಯೇ ಯಂತ್ರದ ಮುಂದೆಯೂ ಇರತಕ್ಕದ್ದು.